ಗಾಳಿಯಲ್ಲಿ ಚಿಪ್ಸ್ ಕರಿಯಬಹುದೇ?

ಕೊಪ್ಪಳವಾಗಲಿ ಗಂಗಾವತಿಯಾಗಲಿ, ಬೆಳಿಗ್ಗೆ ಮಂಡಾಳು ಒಗ್ಗರಣೆ, ಮಿರ್ಚಿ ಮಾಡುವ ಅಂಗಡಿಯ ಮುಂದೆ ನಿಂತು ಬಾಣಲೆಯನ್ನು ನೋಡಿದ್ದೀರಾ ಮಕ್ಕಳೇ? ದೂರದಿಂದಲೇ ನೋಡಿ, ಎಣ್ಣೆ ಸಿಡಿದೀತು! ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿ ಎಣ್ಣೆಗೆ ಬಿದ್ದದ್ದೇ ತಡ, ಸುತ್ತಲೂ ಚೊರ್ ಎಂದು ಗುಳ್ಳೆ ಏಳುತ್ತವೆ. ಆ ಗುಳ್ಳೆಯೊಳಗೆ ಏನಿದೆ, ಹೇಳಿ ನೋಡೋಣ.

ಎಣ್ಣೆ ಕುದಿಯುತ್ತಿದೆ ಅಂತೀರಾ? ಅಲ್ಲ, ಅದು ನೀರಿನ ಆವಿ. ನೀರು 100 ಡಿಗ್ರಿಗೇ ಕುದಿಯುತ್ತದೆ. ಕರಿಯುವ ಎಣ್ಣೆಯ ಬಿಸಿ ಸುಮಾರು 180 ಡಿಗ್ರಿ. ಆಲೂಗಡ್ಡೆಯಲ್ಲಂತೂ ನೂರು ಗ್ರಾಂಗೆ ಸುಮಾರು 80 ಗ್ರಾಂ ಬರೀ ನೀರು! ಬಿಲ್ಲೆ ಎಣ್ಣೆಗೆ ಬಿದ್ದೊಡನೆ ಆ ನೀರೆಲ್ಲ ಆವಿಯಾಗಿ ಹೊರಗೋಡುತ್ತದೆ. ನೀರು ಹೋದಷ್ಟೂ ಬಿಲ್ಲೆ ಗರಿಗರಿ. ಗುಳ್ಳೆ ಕಡಿಮೆಯಾದಾಗ ಅಮ್ಮ ‘ಇನ್ನು ಆಯ್ತು’ ಎನ್ನುವುದು ಇದಕ್ಕೇ.

ಹಾಗಾದರೆ ಎಣ್ಣೆ ಒಳಗೆ ಹೋಗುವುದು ಯಾವಾಗ? ನನಗೆ ಬಹಳ ಇಷ್ಟವಾದ ಸಂಗತಿ ಇದು. ಆವಿ ಹೊರಗೆ ನುಗ್ಗುತ್ತಿರುವವರೆಗೂ ಎಣ್ಣೆಗೆ ಒಳಗೆ ದಾರಿ ಸಿಗುವುದು ಕಷ್ಟ. ಬಿಲ್ಲೆಯನ್ನು ಮೇಲೆತ್ತಿದ ಮೇಲೆ ಅದು ಆರತೊಡಗುತ್ತದೆ. ಒಳಗೆ ಉಳಿದ ಆವಿ ಮತ್ತೆ ನೀರಾಗಿ ಕುಗ್ಗುತ್ತದೆ. ಆಗ ನೀರು ಬಿಟ್ಟುಹೋದ ಸಣ್ಣ ಸಣ್ಣ ತೂತುಗಳು ಮೈಗೆ ಅಂಟಿದ ಎಣ್ಣೆಯನ್ನು ಒಳಗೆಳೆದುಕೊಳ್ಳುತ್ತವೆ. ಎತ್ತಿದ ಕೂಡಲೇ ಜಾಲರಿ ಸೌಟನ್ನು ಚೆನ್ನಾಗಿ ಕೊಡವಿದರೆ ಅಷ್ಟು ಎಣ್ಣೆ ಉಳಿದಂತೆ. ಪ್ಯಾಕೆಟ್ ಚಿಪ್ಸಿನ ಹಿಂಬದಿ ಓದಿ: ನೂರು ಗ್ರಾಂನಲ್ಲಿ ಹೆಚ್ಚುಕಡಿಮೆ 35 ಗ್ರಾಂ ಕೊಬ್ಬು ಇರುತ್ತದೆ.

ಬಾಣಲೆಯಲ್ಲಿ ಎಣ್ಣೆಯ ದೊಡ್ಡ ಕೆಲಸವೆಂದರೆ ಒಲೆಯ ಬಿಸಿಯನ್ನು ಬಿಲ್ಲೆಗೆ ಮುಟ್ಟಿಸುವುದು. ಈ ಕೆಲಸವನ್ನು ಬೇರೆ ಯಾರಾದರೂ ಮಾಡಬಹುದೇ? ಓಹೋ! ಭಟ್ಟಿಯಲ್ಲಿ ಮಂಡಾಳು ಹುರಿಯುವವರು ಕಾದ ಮರಳಿನಿಂದ ಅದನ್ನೇ ಮಾಡಿಸುತ್ತಾರೆ. ಅಕ್ಕಿ ಅರಳುತ್ತದೆ, ಎಣ್ಣೆ ಒಂದು ಹನಿಯೂ ಬೇಡ.

ಏರ್ ಫ್ರೈಯರ್ ಈ ಕೆಲಸವನ್ನು ಗಾಳಿಗೆ ಒಪ್ಪಿಸುತ್ತದೆ. ಫಿಲಿಪ್ಸ್ ಕಂಪನಿ 2010ರಲ್ಲಿ ಈ ಹೆಸರಿನ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಮೇಲೆ ಕಾಯುವ ತಂತಿ, ಅದರ ಹತ್ತಿರ ಒಂದು ಫ್ಯಾನು, ಕೆಳಗೆ ತೂತಿನ ಬುಟ್ಟಿ, ಇಷ್ಟೇ. ಬಿಸಿ ತಂತಿ ಸಾಲದೇ, ಫ್ಯಾನೇಕೆ ಅಂತೀರಾ? ಹಿತ್ತಲ ಹಗ್ಗದ ಮೇಲಿನ ಒದ್ದೆ ಬಟ್ಟೆಯನ್ನು ನೆನೆಸಿಕೊಳ್ಳಿ. ಬಿಸಿಲಿದ್ದರೂ ಗಾಳಿಯಾಡದಿದ್ದರೆ ತಡವಾಗಿ ಒಣಗುತ್ತದೆ, ಏಕೆಂದರೆ ತೇವದ ಗಾಳಿ ಬಟ್ಟೆಯ ಸುತ್ತಲೇ ನಿಂತಿರುತ್ತದೆ. ಬಿಲ್ಲೆಯ ಸುತ್ತಲೂ ಅಂಥದೇ ತೇವದ ಪದರವಿರುತ್ತದೆ. ಫ್ಯಾನು ಅದನ್ನು ಓಡಿಸಿ ಬಿಸಿಗಾಳಿಯನ್ನು ತಂದು ತಾಗಿಸುತ್ತದೆ.

ಬೆರಳು ಗಾತ್ರದ ಚಿಪ್ಸಿಗೆ ಒಂದು ಚಮಚ ಎಣ್ಣೆ ಸವರಿ ಇದರಲ್ಲಿಟ್ಟರೆ ಸಾಕು, ಕೆಂಪಗೆ ಬೇಯುತ್ತವೆ. ತೆಳ್ಳನೆಯ ಬಿಲ್ಲೆಗಳದ್ದೇ ತಕರಾರು. ಒಂದರ ಮೇಲೊಂದು ಅಂಟಿಕೊಂಡರೆ ಮಧ್ಯೆ ಗಾಳಿ ಹೋಗದು. ಇನ್ನು ನಮ್ಮ ಮಿರ್ಚಿ? ಕಾದ ಎಣ್ಣೆ ನಾಲ್ಕೂ ಕಡೆಯಿಂದ ಅಪ್ಪಿಕೊಂಡು ಹಿಟ್ಟನ್ನು ಕ್ಷಣದಲ್ಲಿ ಗಟ್ಟಿ ಮಾಡುತ್ತದೆ. ಗಾಳಿಗೆ ಅಷ್ಟು ಬೇಗ ಬಿಸಿ ಕೊಡಲಾಗದು, ಅಷ್ಟರಲ್ಲಿ ಹಿಟ್ಟು ತೂತಿನಿಂದ ಕೆಳಗೆ ಸೋರಿರುತ್ತದೆ. ಮಿರ್ಚಿಗೆ ಬಾಣಲೆಯೇ ಸೈ.

ಎಣ್ಣೆ ಕಡಿಮೆಯಾಯಿತೆಂದು ಬೇಕಾದಷ್ಟು ತಿನ್ನುವಂತಿಲ್ಲ. ಉಪ್ಪು, ಪಿಷ್ಟ ಹಾಗೇ ಇರುತ್ತವೆ. ಹೆಚ್ಚು ಬಿಸಿಯಲ್ಲಿ ಆಲೂಗಡ್ಡೆ ಕಂದಾದಷ್ಟೂ ಅಕ್ರಿಲಮೈಡ್ ಎಂಬ ಬೇಡದ ವಸ್ತು ಹೆಚ್ಚುತ್ತದೆ. ಸ್ವೀಡನ್ನಿನ ವಿಜ್ಞಾನಿಗಳು 2002ರಲ್ಲಿ ಇದನ್ನು ತೋರಿಸಿಕೊಟ್ಟರು. ಹೆಚ್ಚಿದ ಹೋಳುಗಳನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಒರೆಸಿ, ಹೊಂಬಣ್ಣ ಬಂದ ಕೂಡಲೇ ತೆಗೆದರೆ ಅದು ಕಡಿಮೆಯಾಗುತ್ತದೆ.

ಹಾಗಾದರೆ ಕೊಳ್ಳಬೇಕೇ? ಮನೆಯಲ್ಲಿ ವಾರಕ್ಕೆ ಎರಡು ಮೂರು ಸಲ ಆಲೂಗಡ್ಡೆ ಕರಿಯುತ್ತಿದ್ದರೆ ಕೊಳ್ಳಬಹುದು. ಕರೆಂಟಿನ ಚಿಂತೆ ದೊಡ್ಡದಲ್ಲ: 1,400 ವ್ಯಾಟ್‌ನ ಯಂತ್ರ 20 ನಿಮಿಷ ಓಡಿದರೆ ಅರ್ಧ ಯೂನಿಟ್ಟೂ ಆಗದು. ಫ್ಯಾನಿರುವ ಓವನ್ ಆಗಲೇ ಇದ್ದರೆ ಮತ್ತೊಂದು ಬೇಡ, ಎರಡೂ ಮಾಡುವುದು ಒಂದೇ ಕೆಲಸ. ಚಿಪ್ಸ್ ನೆನಪಾಗುವುದೇ ತಿಂಗಳಿಗೊಮ್ಮೆಯಾದರೆ, ಸಾವಿರಾರು ರೂಪಾಯಿ ಕೊಟ್ಟು ತರಬೇಡಿ ಎಂದು ಅಪ್ಪನಿಗೆ ನೀವೇ ಹೇಳಿ.