ದನಿ ಕೆಟ್ಟೊಡನೆ ಸಾಲಕ್ಕೆ ಓಡಬೇಡಿ
(ತಾಂಬರಂನಲ್ಲಿ ಕಾರ್ಮಿಕ ಬಂಧುಗಳ ಮುಂದೆ ಮಾಡಿದ ಭಾಷಣ)



ನಾನು ಹೋಟೆಲಿನಲ್ಲಿ ಲೋಟ ತೊಳೆದು ಬೆಳೆದವನು, ಇಂಜಿನಿಯರನಲ್ಲ. ಆದರೂ ಇದನ್ನು ಹೇಳಲೇಬೇಕು. ನಮ್ಮ ಸೋದರನೊಬ್ಬ ಹೋಟೆಲು ಬಿಟ್ಟು ಈ ತಾಂಬರಂನಲ್ಲಿಯೇ ಬಾಡಿಗೆ ಕಾರು ಓಡಿಸುತ್ತಾನೆ. ಕಾರಿನಲ್ಲಿ ಎರಡು ಸಬ್‌ವೂಫರುಗಳಿವೆ. ಡಿಕ್ಕಿ ರಿಪೇರಿಯಾದಂದಿನಿಂದ ತಗ್ಗು ದನಿಯೇ ಇಲ್ಲ. "ಎರಡೂ ಸುಟ್ಟಿವೆ, ಹೊಸವು ಹಾಕಿಸು" ಎಂದನಂತೆ ಅಂಗಡಿಯವನು. ಸಾಲ ಕೇಳಲು ನನ್ನ ಬಳಿ ಬಂದ. "ಮೊದಲು ನೋಡೋಣ ಬಾರಯ್ಯ" ಎಂದೆ.

ಆಂಪ್ಲಿಫೈಯರಿನಿಂದ ತಂತಿಗಳನ್ನು ಬಿಚ್ಚಿ, 1.5 ವೋಲ್ಟಿನ ಟಾರ್ಚ್ ಸೆಲ್ಲನ್ನು ಕ್ಷಣಮಾತ್ರ ಮುಟ್ಟಿಸಿದೆವು. ಒಂದರ ಪರದೆ ಮುಂದಕ್ಕೆ ಬಂತು, ಇನ್ನೊಂದರದು ಹಿಂದಕ್ಕೆ ಹೋಯಿತು! ಸುಟ್ಟಿದ್ದರೆ ಅಲುಗುತ್ತಲೇ ಇರಲಿಲ್ಲ. ಒಂದರಲ್ಲಿ ಪ್ಲಸ್ಸು ಮೈನಸ್ಸು ಅದಲುಬದಲಾಗಿತ್ತು. ಒಂದು ಗಾಳಿಯನ್ನು ನೂಕುವಾಗ ಇನ್ನೊಂದು ಎಳೆದರೆ ತಗ್ಗು ದನಿ ಅಲ್ಲಲ್ಲಿಯೇ ಅಳಿಯುತ್ತದೆ. ತಂತಿ ತಿರುಗಿಸಿ ಕಟ್ಟಿದೆವು; ದನಿ ಬಂತು. ಖರ್ಚು ಒಂದು ಸೆಲ್ಲು.

ಇನ್ನಿಷ್ಟು ನೆನಪಿಡಿ. ಇಂಜಿನಿನ ಜೊತೆಗೆ ಗುಂಯ್ ಎಂದರೆ ಅರ್ತ್ ತಂತಿಯನ್ನು ನೋಡಿ. ಅದು ಬಣ್ಣ ಕೆರೆದ ಕಬ್ಬಿಣಕ್ಕೆ ಬಿಗಿಯಾಗಿ ಕೂತಿರಬೇಕು. ಪುಸುಪುಸು ಎಂದರೆ ಪೆಟ್ಟಿಗೆಯ ಸಂದಿಯಲ್ಲಿ ಗಾಳಿ ಸೋರುತ್ತಿರಬಹುದು. ದನಿ ಒಡೆದರೆ ಗೇನ್ ತಗ್ಗಿಸಿ. ಹಾಡುವವರ ಮಾತೂ ಅದರಲ್ಲಿಯೇ ಕೇಳಿದರೆ ಫಿಲ್ಟರನ್ನು 80 ಹರ್ಟ್ಸ್ ಸುಮಾರಿಗೆ ಇಳಿಸಿ.

ಇಷ್ಟನ್ನೂ ನೋಡದೆ ಪಗಾರವನ್ನು ಅಂಗಡಿಗೆ ಸುರಿಯಬೇಡಿ. ತಿಳಿಯದಿದ್ದರೆ ಸಂಜೆ ಸಂಘದ ಕೋಣೆಗೆ ಬನ್ನಿ. ಆ ಸೆಲ್ಲನ್ನು ಅಲ್ಲಿಯೇ ಇಟ್ಟಿದ್ದೇನೆ.