ಏಜೆಂಟ್ ಓದುವ ಕೈಪಿಡಿ: ಪರಿಣಾಮವನ್ನು ಬರೆದಿಡುವ ಹೊಣೆ



ಕ್ಲೌಡ್‌ನಲ್ಲಿ ಸರ್ವರ್, ಡೇಟಾಬೇಸ್, ನೆಟ್‌ವರ್ಕ್‌ಗಳನ್ನು ಕಟ್ಟುವುದಕ್ಕೂ ಕೆಡವುವುದಕ್ಕೂ ಈಗ ಕೆಲವು ಸಾಲುಗಳ ಕಮಾಂಡ್ ಸಾಕು. 2014ರಲ್ಲಿ ಬಂದ ಟೆರಾಫಾರ್ಮ್, ಅದೇ ವರ್ಷ ಗೂಗಲ್ ಸಾರ್ವಜನಿಕಗೊಳಿಸಿದ ಕುಬರ್ನೆಟಿಸ್ ಈ ಕೆಲಸದ ಮುಖ್ಯ ಉಪಕರಣಗಳು. ಇವುಗಳನ್ನು ಎಂಜಿನಿಯರುಗಳು ನಡೆಸುತ್ತಿದ್ದರು; ಈಗ ಅವರ ಪರವಾಗಿ ಎಐ ಏಜೆಂಟುಗಳೂ ನಡೆಸುತ್ತಿವೆ. ಕೈಪಿಡಿ ಓದಿ, ಕಮಾಂಡ್ ಬರೆದು, ಬಂದ ಉತ್ತರ ನೋಡಿ ಮುಂದಿನ ಹೆಜ್ಜೆಯನ್ನು ತಾವೇ ನಿರ್ಧರಿಸುವ ತಂತ್ರಾಂಶಗಳಿವು. ಇಂಥ ಓದುಗನಿಗೆ ಕೈಪಿಡಿ ಹೇಗಿರಬೇಕೆಂಬುದೇ ಇಂದಿನ ವಿಷಯ. ಕೈಪಿಡಿಗಳು ಈವರೆಗೆ ‘ಹೇಗೆ ಮಾಡಬೇಕು’ ಎಂಬುದನ್ನು ಚೆನ್ನಾಗಿಯೇ ಹೇಳಿವೆ. ಮಾಡಿದರೆ ಏನಾಗುತ್ತದೆ, ಆದದ್ದನ್ನು ಹಿಂದಕ್ಕೆ ಪಡೆಯಬಹುದೇ ಎಂಬುದನ್ನು ಬಹಳಷ್ಟು ಕಡೆ ಓದುಗನ ಅನುಭವಕ್ಕೆ ಬಿಟ್ಟಿವೆ. ಏಜೆಂಟಿಗೆ ತಾನು ಕೆಲಸ ಮಾಡುವ ಸಂಸ್ಥೆಯ ಅನುಭವವಿಲ್ಲ, ಕೇಳಲು ಪಕ್ಕದ ಮೇಜಿನ ಹಿರಿಯರೂ ಇಲ್ಲ. ಆದ್ದರಿಂದ ಪ್ರತಿ ಕಮಾಂಡಿನ ಜೊತೆಗೆ ಅದರ ಪರಿಣಾಮವನ್ನೂ ಬರೆದಿಡುವುದು ಕೈಪಿಡಿಕಾರರ ಮೊದಲ ಹೊಣೆ ಎಂಬುದು ನನ್ನ ವಾದ.

ಮುಗಿದ ಪ್ರತಿ ಕಮಾಂಡೂ ಎಕ್ಸಿಟ್ ಕೋಡ್ ಎಂಬ ಅಂಕಿಯೊಂದನ್ನು ಕೊಡುತ್ತದೆ. ಸೊನ್ನೆ ಬಂದರೆ ಕೆಲಸ ಆಯಿತು, ಬೇರೇನು ಬಂದರೂ ಕೆಟ್ಟಿತು ಎಂಬುದು ಯುನಿಕ್ಸ್‌ನಿಂದ ಬಂದ ರೂಢಿ. ಆದರೆ ಕುಬರ್ನೆಟಿಸ್‌ನ ‘ಕ್ಯೂಬ್‌ಸಿಟಿಎಲ್ ಡಿಫ್’ 1 ಕೊಟ್ಟರೆ ವ್ಯತ್ಯಾಸ ಸಿಕ್ಕಿದೆ ಎಂದಷ್ಟೇ ಅರ್ಥ. ಟೆರಾಫಾರ್ಮ್‌ನ ‘ಪ್ಲಾನ್’ ಕಮಾಂಡಿಗೆ ವಿವರವಾದ ಎಕ್ಸಿಟ್ ಕೋಡ್ ಕೇಳಿದಾಗ 1 ದೋಷವನ್ನು ಸೂಚಿಸುತ್ತದೆ. ಬದಲಾವಣೆ ಇದೆ ಎನ್ನಲು ಅದು 2 ಕೊಡುತ್ತದೆ. ಮನುಷ್ಯ ಪರದೆಯ ಮೇಲಿನ ಬರಹ ನೋಡಿ ತಿಳಿದುಕೊಂಡಾನು. ಅಂಕಿಯನ್ನೇ ನಂಬಿ ಮುಂದುವರಿಯುವ ಏಜೆಂಟು ಒಂದು ಕಡೆ ಇಲ್ಲದ ದೋಷಕ್ಕೆ ಮದ್ದು ಹುಡುಕುತ್ತದೆ, ಇನ್ನೊಂದು ಕಡೆ, ‘ಡಿಫ್’ನ ಅರ್ಥವನ್ನೇ ಹಿಡಿದು, ಇರುವ ದೋಷವನ್ನು ಬದಲಾವಣೆಯೆಂದು ಒಪ್ಪಿಕೊಳ್ಳುತ್ತದೆ. ಇದಕ್ಕಿಂತ ಗಂಭೀರವಾದದ್ದು ಹಿಂದಿರುಗಲಾಗದ ಹೆಜ್ಜೆ. ಟೆರಾಫಾರ್ಮ್ ಕಡತದಿಂದ ಡೇಟಾಬೇಸಿನ ವಿವರಣೆಯನ್ನು ಅಳಿಸಿ ‘ಅಪ್ಲೈ’ ಮಾಡಿದರೆ ನಿಜವಾದ ಡೇಟಾಬೇಸನ್ನೇ ಅಳಿಸಲು ಅದು ಹೊರಡುತ್ತದೆ. ಕುಬರ್ನೆಟಿಸ್‌ನಲ್ಲಿ ಒಂದು ನೇಮ್‌ಸ್ಪೇಸ್ (ಸಂಪನ್ಮೂಲಗಳನ್ನು ಗುಂಪಾಗಿಡುವ ವಿಭಾಗ) ತೆಗೆದರೆ ಅದರೊಳಗಿನ ಎಲ್ಲವೂ ಹೋಗುತ್ತದೆ. ‘ರೋಲ್‌ಔಟ್ ಅಂಡೂ’ ಕಮಾಂಡ್ ಹಳೆಯ ಆವೃತ್ತಿಯ ಪ್ರೋಗ್ರಾಮನ್ನು ಮರಳಿ ತರುತ್ತದೆ, ಹೊಸ ಆವೃತ್ತಿ ಡೇಟಾಬೇಸಿನಲ್ಲಿ ಅಳಿಸಿದ್ದನ್ನು ತರುವುದಿಲ್ಲ. ಈ ಮಿತಿಯನ್ನು ‘ಅಂಡೂ’ ವಿವರಿಸುವ ಪುಟದಲ್ಲಿಯೇ ಹೇಳಬೇಕು. ಬೇರೆ ಅಧ್ಯಾಯದಲ್ಲಿದ್ದರೆ ಆ ಹೊತ್ತಿಗೆ ಏಜೆಂಟಿನ ಮುಂದೆ ಆ ಮಾತೇ ಇರುವುದಿಲ್ಲ.

ಭಾಷಾ ಮಾದರಿಗಳು ಇದನ್ನೆಲ್ಲ ಆಗಲೇ ಓದಿಕೊಂಡಿವೆ, ಮತ್ತೆ ಬರೆಯುವುದೇಕೆ ಎಂಬ ಆಕ್ಷೇಪವಿದೆ. ಮಾದರಿ ಓದಿರುವುದು ಹಳೆಯ ಬರಹಗಳನ್ನೂ ಹೌದು. ‘ಕ್ಯೂಬ್‌ಸಿಟಿಎಲ್ ರನ್’ ಒಂದು ಕಾಲಕ್ಕೆ ಡಿಪ್ಲಾಯ್‌ಮೆಂಟ್ ಸೃಷ್ಟಿಸುತ್ತಿತ್ತು, 2020ರ 1.18ನೇ ಆವೃತ್ತಿಯಿಂದ ಅದು ಬರೀ ಒಂದು ಪಾಡ್ (ಪ್ರೋಗ್ರಾಮ್ ನಡೆಯುವ ಅತಿ ಚಿಕ್ಕ ಘಟಕ) ಸೃಷ್ಟಿಸುತ್ತದೆ. ಡಿಪ್ಲಾಯ್‌ಮೆಂಟ್ ಇದ್ದರೆ ಸತ್ತ ಪಾಡಿನ ಜಾಗಕ್ಕೆ ಹೊಸದು ಬರುತ್ತದೆ, ಒಂಟಿ ಪಾಡನ್ನು ಅಳಿಸಿದರೆ ಏನೂ ಬರುವುದಿಲ್ಲ. ಕಮಾಂಡಿನ ಅಕ್ಷರ ಬದಲಾಗಲಿಲ್ಲ, ಪರಿಣಾಮ ಬದಲಾಯಿತು. ಯಾವ ಆವೃತ್ತಿಗೆ ಯಾವ ಪರಿಣಾಮ ಎಂದು ಹೇಳುವ ಕೈಪಿಡಿ ಮಾತ್ರ ಇಂಥ ಹಳೆಯ ನೆನಪನ್ನು ತಿದ್ದಬಲ್ಲದು. ಏಜೆಂಟುಗಳಿಗೇ ಬೇರೆ ಕೈಪಿಡಿ ಬರೆದರಾಗದೇ ಎಂದೂ ಕೇಳುವವರಿದ್ದಾರೆ. ಎರಡು ಪ್ರತಿಗಳಿದ್ದಲ್ಲಿ ಒಂದು ತಿದ್ದುಪಡಿಯಾಗಿ ಇನ್ನೊಂದು ಹಿಂದುಳಿಯುತ್ತದೆ. ಮೂಲ ಒಂದೇ ಇರಲಿ, ಅದರಿಂದ ಬೇಕಾದ ರೂಪಗಳು ಹೊರಡಲಿ. ಏಜೆಂಟುಗಳಿಗೆ ಉಪಕರಣಗಳನ್ನು ಜೋಡಿಸಲು 2024ರಲ್ಲಿ ಆಂಥ್ರಾಪಿಕ್ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಮರುವರ್ಷವೇ ಪರಿಣಾಮವನ್ನು ಬರೆದಿಡುವ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿತು. ಉಪಕರಣವು ಬರೀ ಓದುತ್ತದೆಯೇ, ನಾಶಮಾಡಬಲ್ಲದೇ, ಮತ್ತೆ ಕರೆದರೆ ಪರಿಣಾಮ ಹೆಚ್ಚುತ್ತದೆಯೇ ಎಂದು ಸೂಚಿಸಲು ಅದರಲ್ಲಿ ಜಾಗವಿದೆ. ನಂಬಲರ್ಹ ಮೂಲದಿಂದ ಬಾರದ ಇಂಥ ಸೂಚನೆಗಳನ್ನು ನಂಬಬಾರದೆಂದೂ ಅದು ಎಚ್ಚರಿಸುತ್ತದೆ.

ಎಲ್ಲಕ್ಕಿಂತ ಬಲವಾದ ಆಕ್ಷೇಪವೆಂದರೆ ಬರಹ ಯಾರನ್ನೂ ತಡೆಯುವುದಿಲ್ಲ ಎಂಬುದು. 2017ರ ಫೆಬ್ರವರಿ 28ರಂದು ಅಮೆಜಾನ್‌ನ ಡೇಟಾ ಸಂಗ್ರಹದ ಎಸ್3 ಸೇವೆ ಉತ್ತರ ವರ್ಜೀನಿಯಾದಲ್ಲಿ ಕುಸಿಯಿತು. ಅಧಿಕಾರವಿದ್ದ ಸಿಬ್ಬಂದಿಯೊಬ್ಬರು ಲಿಖಿತ ಕ್ರಮದಂತೆಯೇ ಕಮಾಂಡ್ ಕೊಟ್ಟಿದ್ದರು. ಅದರಲ್ಲೊಂದು ವಿವರ ತಪ್ಪಾಗಿ, ಉದ್ದೇಶಿಸಿದ್ದಕ್ಕಿಂತ ಹೆಚ್ಚು ಸರ್ವರುಗಳು ಕಳಚಿಹೋದವು. ಅಮೆಜಾನ್ ಬಳಿಕ ಉಪಕರಣವನ್ನೇ ತಿದ್ದಿತು: ಸರ್ವರುಗಳನ್ನು ನಿಧಾನವಾಗಿ ತೆಗೆಯುವಂತೆ, ಕನಿಷ್ಠ ಮಿತಿಗಿಂತ ಕೆಳಗಿಳಿಯದಂತೆ. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಏಜೆಂಟಿಗೆ ಕಡಿಮೆ ಅಧಿಕಾರವಿರಬೇಕು, ಅಳಿಸುವ ಕೆಲಸಕ್ಕೆ ಮನುಷ್ಯನ ಒಪ್ಪಿಗೆ ಬೇಕು. ಆದರೆ ಯಾವ ಕಮಾಂಡಿಗೆ ತಡೆ ಹಾಕಬೇಕೆಂದು ತಿಳಿಯುವುದು ಪರಿಣಾಮಗಳ ಪಟ್ಟಿ ಇದ್ದಾಗಲೇ. ಒಪ್ಪಿಗೆ ಕೊಡುವ ಮನುಷ್ಯನೂ ಏನನ್ನು ಒಪ್ಪುತ್ತಿದ್ದೇನೆಂದು ಅರಿಯುವುದು ಆ ಬರಹದಿಂದಲೇ. ತಡೆ ಹಾಕಿದಾಗ ಬರುವ ಸಂದೇಶವೂ ಕೈಪಿಡಿಯ ಭಾಗ. ‘ಅನುಮತಿಯಿಲ್ಲ’ ಎಂದಷ್ಟೇ ಹೇಳಿದರೆ ಏಜೆಂಟು ಬಳಸುದಾರಿ ಹುಡುಕಬಹುದು. ‘ಇಲ್ಲಿ ನಿಲ್ಲಿಸಿ, ಇಂಥವರ ಒಪ್ಪಿಗೆ ಪಡೆಯಿರಿ’ ಎಂದರೆ ಮುಂದಿನ ಸರಿಯಾದ ಹೆಜ್ಜೆ ಅದಕ್ಕೆ ಸಿಗುತ್ತದೆ.

ಇಂಥ ಉಪಕರಣಗಳನ್ನು ಕಟ್ಟುವ, ನಡೆಸುವ ಅನೇಕರು ಬೆಂಗಳೂರಿನಲ್ಲೇ ಇರುವುದರಿಂದ ಈ ಮಾತನ್ನು ಒಂದು ಕೋರಿಕೆಯಾಗಿಯೇ ಮುಂದಿಡುತ್ತೇನೆ. ಕಮಾಂಡಿಗೆ ಮೊದಲು ಏನಿರಬೇಕು, ಅದರಿಂದ ಏನು ಬದಲಾಗುತ್ತದೆ, ನಡುವೆ ನಿಂತರೆ ಏನು ಉಳಿಯುತ್ತದೆ, ಹಿಂದಿರುಗುವ ದಾರಿ ಯಾವುದು: ಈ ನಾಲ್ಕಕ್ಕೂ ಉತ್ತರವಿಲ್ಲದ ಹೊಸ ಕಮಾಂಡನ್ನು ಬಿಡುಗಡೆ ಮಾಡಬೇಡಿ. ಪರಿಣಾಮ ಬರೆಯದಿರುವುದನ್ನು ಪ್ರೋಗ್ರಾಮಿನ ದೋಷದಷ್ಟೇ ಗಂಭೀರವೆಂದು ಎಣಿಸಿ. ಏಜೆಂಟಿಗಾಗಿ ಹೀಗೆ ಬರೆದದ್ದು, ಮೊನ್ನೆ ಕೆಲಸಕ್ಕೆ ಸೇರಿ ಮೊದಲ ಬಾರಿ ರಾತ್ರಿ ಪಾಳಿಗೆ ಕೂತ ಎಂಜಿನಿಯರಿಗೂ ಅಷ್ಟೇ ಬೇಕಾದದ್ದು.