ಎಂಟಾಣೆ ಲೆಕ್ಕ ಸರಿ, ಹತ್ತು ಪೈಸೆ ಲೆಕ್ಕ ತಪ್ಪು!

ನಿಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಪೈಥಾನ್ ಇದ್ದರೆ ತೆರೆಯಿರಿ. 0.1 + 0.2 ಎಂದು ಬರೆದು ಎಂಟರ್ ಒತ್ತಿ. ಉತ್ತರ 0.3 ಎಂದು ನಿಮಗೆ ಗೊತ್ತು. ಪೈಥಾನ್ ಮಾತ್ರ 0.30000000000000004 ಅನ್ನುತ್ತದೆ!

ಕಂಪ್ಯೂಟರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಪಕ್ಕದ ಮೇಜಿನ ಕಂಪ್ಯೂಟರನ್ನು ಕೇಳಿದರೂ ಅದೇ ಉತ್ತರ, ದೊಡ್ಡ ಪ್ರಯೋಗಾಲಯದ ದುಬಾರಿ ಯಂತ್ರವನ್ನು ಕೇಳಿದರೂ ಅದೇ, ಬಾಲದಲ್ಲಿರುವ ಆ 4ರ ಸಮೇತ. ಈಗ 0.5 + 0.25 ಎಷ್ಟು ಎಂದು ಕೇಳಿ ನೋಡಿ. 0.75. ಒಂದು ಚೂರೂ ಹೆಚ್ಚುಕಡಿಮೆ ಇಲ್ಲ. ಒಂದು ಲೆಕ್ಕ ಸರಿ ಬಂತು, ಅದಕ್ಕಿಂತ ಸುಲಭದ್ದು ತಪ್ಪಿತು. ಏನಿದು?

ಐವತ್ತು ಪೈಸೆಗೆ ಎಂಟಾಣೆ, ಇಪ್ಪತ್ತೈದು ಪೈಸೆಗೆ ನಾಲ್ಕಾಣೆ ಎಂದು ಮನೆಯ ಹಿರಿಯರು ಹೇಳುವುದನ್ನು ಕೇಳಿರಬಹುದು. 1957ರ ಏಪ್ರಿಲ್ 1ಕ್ಕೆ ಮೊದಲು ನಮ್ಮ ರೂಪಾಯಿಗೆ ನೂರು ಪೈಸೆ ಇರಲಿಲ್ಲ. ರೂಪಾಯಿಗೆ ಹದಿನಾರು ಆಣೆ, ಆಣೆಗೆ ನಾಲ್ಕು ಪೈಸೆ, ಒಟ್ಟು 64 ಪೈಸೆ. ರೂಪಾಯಿಯನ್ನು ಅರ್ಧ ಮಾಡಿದರೆ ಎಂಟಾಣೆ. ಅದನ್ನು ಅರ್ಧ ಮಾಡಿದರೆ ನಾಲ್ಕಾಣೆ. ಹೀಗೇ ಎರಡಾಣೆ, ಒಂದಾಣೆ, ಅರ್ಧಾಣೆ, ಕೊನೆಗೆ ಒಂದು ಪೈಸೆ. ಆರು ಸಲ ಅರ್ಧ ಮಾಡಿದರೆ ಮುಗಿಯಿತು. ಸಂತೆಯ ಬಾಯಿಲೆಕ್ಕವೂ ಇದೇ ದಾರಿಯದು: ಅರೆ, ಕಾಲು, ಅರೆಕಾಲು, ವೀಸ. ವೀಸವೆಂದರೆ ಹದಿನಾರರಲ್ಲಿ ಒಂದು. (ಪೈಸೆಯ ಕೆಳಗೆ 'ಪೈ' ಎಂಬ ಇನ್ನೊಂದು ನಾಣ್ಯವಿತ್ತು. ಪೈಸೆಗೆ ಮೂರು ಪೈ. ಅದೊಂದು ಮಾತ್ರ ಈ ಅರ್ಧದ ಸಾಲಿಗೆ ಸೇರದ ತುಂಟ.)

ಕಂಪ್ಯೂಟರ್ ಕೂಡ ಈ ಆಣೆ ಕಾಲದ ಅಂಗಡಿಯವನ ಹಾಗೆಯೇ. ಅದರ ಒಳಗಿರುವುದು 0 ಮತ್ತು 1 ಎಂಬ ಎರಡೇ ಅಂಕಿ, ಅಂದರೆ ದ್ವಿಮಾನ ಪದ್ಧತಿ. ನಾವು ಚುಕ್ಕಿಯ ಬಲಕ್ಕೆ ಹತ್ತನೆಯ ಒಂದು, ನೂರನೆಯ ಒಂದು ಎಂದು ಸ್ಥಾನ ಕೊಡುತ್ತೇವೆ. ಅದು ಅರ್ಧ, ಕಾಲು, ಎಂಟನೆಯ ಒಂದು, ಹದಿನಾರನೆಯ ಒಂದು ಎಂದು ಕೊಡುತ್ತದೆ. ಹಾಗಾಗಿ ಅದಕ್ಕೆ ಎಂಟಾಣೆ, ನಾಲ್ಕಾಣೆ ಸಲೀಸು.

ಅದರ ಮುಂದೆ ಈಗಿನ ಹತ್ತು ಪೈಸೆ ಇಡೋಣ, ಅಂದರೆ 0.1 ರೂಪಾಯಿ. ಆಣೆಯ ನಾಣ್ಯಗಳಲ್ಲಿ ಅದನ್ನು ಎಣಿಸಿಕೊಡಬೇಕು. ಎಂಟಾಣೆ ದೊಡ್ಡದಾಯಿತು, ನಾಲ್ಕಾಣೆಯೂ ದೊಡ್ಡದು. ಎರಡಾಣೆ ಅಂದರೆ ಹನ್ನೆರಡೂವರೆ ಪೈಸೆ, ಅದೂ ಹೆಚ್ಚಾಯಿತು. ಒಂದಾಣೆ 6.25 ಪೈಸೆ, ಇದು ಹಿಡಿಯುತ್ತದೆ. ಉಳಿದದ್ದು 3.75. ಅರ್ಧಾಣೆ 3.125, ಇದೂ ಹಿಡಿಯುತ್ತದೆ. ಉಳಿದದ್ದು 0.625. ಮುಂದಿನ ಎರಡು ತುಂಡು ದೊಡ್ಡವು, ಬಿಡಿ. ಅದರ ಮುಂದಿನದು 0.390625, ಹಿಡಿಯಿತು. ಇನ್ನೂ ಸ್ವಲ್ಪ ಉಳಿಯಿತು. ಅದರ ಅರ್ಧವೂ ಹಿಡಿಯಿತು. ಆದರೂ ಚೂರು ಉಳಿಯಿತು. ನೀವು ಹಾಳೆ ತೆಗೆದುಕೊಂಡು ಮುಂದುವರಿಸಬಹುದು, ಆದರೆ ಊಟಕ್ಕೆ ಕರೆಯುವುದರೊಳಗೆ ಮುಗಿಯುವುದಿಲ್ಲ, ಯಾಕೆಂದರೆ ಅದು ಎಂದೂ ಮುಗಿಯುವುದೇ ಇಲ್ಲ. ಎರಡು ಬೇಡ, ಎರಡು ಬೇಕು, ಎರಡು ಬೇಡ, ಎರಡು ಬೇಕು: 0.000110011001100… ನಮ್ಮ ಪದ್ಧತಿಯಲ್ಲಿ ಮೂರನೆಯ ಒಂದು ಭಾಗವನ್ನು ಬರೆಯಹೊರಟರೆ 0.3333 ಎಂದು ಕೊನೆಯಿಲ್ಲದೆ ಹೋಗುತ್ತದಲ್ಲ, ಹಾಗೆಯೇ ಇದು.

ಕಂಪ್ಯೂಟರಿನಲ್ಲಿ ಜಾಗಕ್ಕೆ ಮಿತಿ ಇದೆ. ಇಂಥ ಒಂದು ಸಂಖ್ಯೆಗೆ ಸಾಮಾನ್ಯವಾಗಿ 64 ಬಿಟ್ ಮೀಸಲು (ಒಂದು 0 ಅಥವಾ 1 ಕೂರುವಷ್ಟು ಜಾಗವೇ ಒಂದು ಬಿಟ್), ಅದರಲ್ಲಿ ಹಿಡಿಸುವ ಅಂಕಿಗಳು 53. ಅಲ್ಲಿಗೆ ಕತ್ತರಿಸಿ, ಕೊನೆಯ ಅಂಕಿಯನ್ನು ಹತ್ತಿರದ ಬೆಲೆಗೆ ಸರಿಮಾಡಿ ಇಟ್ಟುಕೊಳ್ಳುತ್ತದೆ. ಆದ್ದರಿಂದ ನೀವು 0.1 ಎಂದು ಕೊಟ್ಟದ್ದು ಒಳಗೆ 0.1000000000000000055… ಆಗಿ ಕೂತಿರುತ್ತದೆ. ಹೇಗೆ ಕತ್ತರಿಸಬೇಕು, ಹೇಗೆ ಸರಿಮಾಡಬೇಕು ಎಂಬ ನಿಯಮ 1985ರಲ್ಲಿ ಬಂತು. ಅದನ್ನು ರೂಪಿಸುವಲ್ಲಿ ಮುಖ್ಯರಾದವರು ಬರ್ಕ್ಲಿಯ ಗಣಿತಜ್ಞ ವಿಲಿಯಂ ಕಹಾನ್. ಅದಕ್ಕೇ ಎಲ್ಲ ಕಂಪ್ಯೂಟರುಗಳೂ ಒಂದೇ ಥರ 'ತಪ್ಪು' ಹೇಳುವುದು.

ವಿಜ್ಞಾನಿಗಳು, ಎಂಜಿನಿಯರುಗಳು ಲೆಕ್ಕಕ್ಕೆಂದೇ ಬಳಸುವ ತಂತ್ರಾಂಶಗಳಿವೆ. ಹೆಸರಾದದ್ದು ಮ್ಯಾಟ್‌ಲ್ಯಾಬ್. 1970ರ ದಶಕದ ಕೊನೆಯಲ್ಲಿ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ಕ್ಲೀವ್ ಮೋಲರ್ ಎಂಬ ಮೇಷ್ಟ್ರು, ತಮ್ಮ ವಿದ್ಯಾರ್ಥಿಗಳು ಫೋರ್ಟ್ರಾನ್ ಎಂಬ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ಕಷ್ಟವಿಲ್ಲದೆ ಲೆಕ್ಕ ಮಾಡಲಿ ಎಂದು ಅದನ್ನು ಕಟ್ಟಿದರು. ಅದನ್ನು ಹಣ ಕೊಟ್ಟು ಕೊಳ್ಳಬೇಕು. ಹೆಚ್ಚುಕಡಿಮೆ ಅದೇ ಭಾಷೆ ಮಾತಾಡುವ ಗ್ನೂ ಆಕ್ಟೇವ್ ಉಚಿತ. ಅದನ್ನು ಬರೆದ ಜಾನ್ ಈಟನ್ ತಮ್ಮ ಗುರು ಆಕ್ಟೇವ್ ಲೆವೆನ್‌ಸ್ಪೀಲರ ಹೆಸರನ್ನೇ ಇಟ್ಟರು. ಕೈಗೆ ಸಿಕ್ಕ ಲಕೋಟೆಯ ಹಿಂಬದಿಯಲ್ಲೇ ಚಕಚಕನೆ ಅಂದಾಜು ಲೆಕ್ಕ ಹಾಕುವುದರಲ್ಲಿ ಆ ಗುರು ಎತ್ತಿದ ಕೈ.

ಆಕ್ಟೇವ್‌ಗೆ 0.1 + 0.2 ಕೊಟ್ಟರೆ 0.3000 ಎಂದು ತೋರಿಸಿ, ಬಾಲವನ್ನು ಮುಚ್ಚಿಡುತ್ತದೆ. ನನಗೆ ಪೈಥಾನಿನ ನೇರಮಾತೇ ಹೆಚ್ಚು ಇಷ್ಟ. ಆದರೆ 0.1 + 0.2 == 0.3 ಎಂದು ಕೇಳಿ: ಎರಡೂ ಒಂದೇನಾ? ಆಕ್ಟೇವ್ 0 ಅನ್ನುತ್ತದೆ, ಅಂದರೆ 'ಅಲ್ಲ'. ಗುಟ್ಟು ಬಯಲಾಯಿತು!

ಇಷ್ಟು ಸಣ್ಣ ಚೂರಿಗೆ ಯಾಕಿಷ್ಟು ಗಲಾಟೆ? ಚೂರು ಒಂದೇ ಆದರೆ ಚಿಂತೆಯಿಲ್ಲ. ಕೆನಡಾದ ವ್ಯಾಂಕೂವರ್ ಷೇರುಪೇಟೆ 1982ರಲ್ಲಿ ಒಂದು ಸೂಚ್ಯಂಕವನ್ನು 1,000ದಿಂದ ಶುರುಮಾಡಿತು. ದಿನಕ್ಕೆ ಸಾವಿರಾರು ಸಲ ಕಂಪ್ಯೂಟರ್ ಅದನ್ನು ಹೊಸದಾಗಿ ಲೆಕ್ಕ ಹಾಕುತ್ತಿತ್ತು, ಪ್ರತಿಸಲವೂ ಚುಕ್ಕಿಯ ನಂತರ ಮೂರು ಅಂಕಿ ಉಳಿಸಿಕೊಂಡು ಮಿಕ್ಕದ್ದನ್ನು ಕತ್ತರಿಸಿ ಎಸೆಯುತ್ತಿತ್ತು. ಹತ್ತಿರದ ಬೆಲೆಗೆ ಸರಿಮಾಡುತ್ತಿರಲಿಲ್ಲ, ಬರೀ ಕತ್ತರಿ. 1983ರ ನವೆಂಬರಿನ ಹೊತ್ತಿಗೆ ಸೂಚ್ಯಂಕ 520ರ ಆಸುಪಾಸಿಗೆ ಇಳಿದಿತ್ತು. ಸರಿಯಾಗಿ ಲೆಕ್ಕ ಹಾಕಿದಾಗ ಬಂದದ್ದು ಸುಮಾರು 1,099!

ಹಾಗಾದರೆ ತುಂಡು ಮಾಡದೆ ಲೆಕ್ಕ ಹಾಕಲು ಬರುವುದಿಲ್ಲವೇ? ಬರುತ್ತದೆ. ಮ್ಯಾಕ್ಸಿಮಾ ಎಂಬ ಉಚಿತ ತಂತ್ರಾಂಶವಿದೆ. ಅದರ ಮೂಲ 1968ರಲ್ಲಿ ಅಮೆರಿಕದ ಎಂಐಟಿಯಲ್ಲಿ ಶುರುವಾದ 'ಮ್ಯಾಕ್‌ಸಿಮಾ' ಎಂಬ ಯೋಜನೆ. ಅದಕ್ಕೆ 1/10 + 2/10 ಕೊಡಿ. ನೋಟುಪುಸ್ತಕದಲ್ಲಿ ನೀವು ಬರೆಯುವಂತೆಯೇ 3/10 ಎಂದು ಭಿನ್ನರಾಶಿಯನ್ನು ಭಿನ್ನರಾಶಿಯಾಗಿಯೇ ಇಡುತ್ತದೆ. 2ರ ವರ್ಗಮೂಲ ಕೇಳಿದರೆ 1.414 ಎಂದು ಬಿಡಿಸಲು ಹೋಗದೆ ವರ್ಗಮೂಲದ ಗುರುತನ್ನೇ ಉಳಿಸಿಕೊಳ್ಳುತ್ತದೆ. ಅದರ ವರ್ಗ ಮಾಡಿದರೆ ಸರಿಯಾಗಿ 2. ಆಕ್ಟೇವ್‌ನಲ್ಲಿ ಇದೇ ಲೆಕ್ಕ ಮಾಡಿ 2 ಕಳೆದರೆ, ಚುಕ್ಕಿಯ ನಂತರ ಹದಿನೈದು ಸೊನ್ನೆ ದಾಟಿ ಒಂದು 4 ಇಣುಕುತ್ತದೆ.

ಎಲ್ಲರೂ ಮ್ಯಾಕ್ಸಿಮಾವನ್ನೇ ಬಳಸಬಹುದಲ್ಲ ಎನ್ನುತ್ತೀರಾ? 1 + 1/2 + 1/3 ಎಂದು 1/100ರವರೆಗೆ ಅದರಲ್ಲಿ ಕೂಡಿಸಿ ನೋಡಿ. ಮೊತ್ತ ಐದು ಚಿಲ್ಲರೆ, ಅಷ್ಟೇ. ಆದರೆ ಬರುವ ಭಿನ್ನರಾಶಿಯ ಅಂಶದಲ್ಲಿ 41 ಅಂಕಿ, ಛೇದದಲ್ಲಿ 40 ಅಂಕಿ! ನೂರೇ ಸಂಖ್ಯೆಗೆ ಇಷ್ಟಾದರೆ, ನಾಳೆಯ ಮಳೆ ಲೆಕ್ಕ ಹಾಕಲು ಬೇಕಾದ ಕೋಟಿ ಕೋಟಿ ಕೂಡುವಿಕೆಗೆ ಎಷ್ಟಾದೀತು? ಲೆಕ್ಕ ಮುಗಿಯುವ ಮೊದಲೇ ಮಳೆ ಬಂದು ಹೋಗಿರುತ್ತದೆ. ಕತ್ತರಿಸಿದ ಸಂಖ್ಯೆಯಿಂದಲೂ ಕೆಲಸ ನಡೆಯುತ್ತದೆ: ಗ್ರಹಗಳ ನಡುವೆ ನೌಕೆಗಳಿಗೆ ದಾರಿ ತೋರಿಸುವ ನಾಸಾದ ಲೆಕ್ಕದಲ್ಲಿ ವೃತ್ತದ ಪೈ (π) ಬೆಲೆ ಬರೀ 3.141592653589793. ಬಹುದೂರ ಸಾಗಿರುವ ವಾಯೇಜರ್ ನೌಕೆಯಷ್ಟು ದೂರಕ್ಕೆ ವೃತ್ತ ಎಳೆದರೂ ಸುತ್ತಳತೆಯಲ್ಲಿ ತಪ್ಪುವುದು ಬೆರಳಿನ ಅಗಲದಷ್ಟೇ. ಅಷ್ಟು ಸಾಕೆಂದು ತಿಳಿದೇ ಅವರು ಅಲ್ಲಿಗೆ ನಿಲ್ಲಿಸುತ್ತಾರೆ.

ಇನ್ನೊಂದು ಕಿತಾಪತಿ ನಿಮಗೇ ಬಿಡುತ್ತೇನೆ. ಆಕ್ಟೇವ್‌ನಲ್ಲಿ 2^53 ಎಂದು ಬರೆಯಿರಿ: 9007199254740992. ಅದಕ್ಕೆ 1 ಕೂಡಿಸಿ. ಸಂಖ್ಯೆ ಅಲ್ಲಾಡುವುದೇ ಇಲ್ಲ! ಇನ್ನೊಮ್ಮೆ 1 ಕೂಡಿಸಿ, ಆಗಲೂ ಇಲ್ಲ. ಈಗ 2^53 + (1 + 1) ಎಂದು ಆವರಣ ಹಾಕಿ ಬರೆಯಿರಿ. ಈ ಸಲ ಉತ್ತರ ಬದಲಾಗುತ್ತದೆ. ಕೂಡುವಾಗ ಆವರಣ ಎಲ್ಲಿ ಹಾಕಿದರೂ ಮೊತ್ತ ಒಂದೇ ಎಂದು ಗಣಿತದ ಪುಸ್ತಕ ಹೇಳುತ್ತದಲ್ಲ? 53 ಬಿಟ್‌ನ ಮಾತು ನೆನಪಿಟ್ಟುಕೊಂಡು ಕಾರಣ ಹುಡುಕಿ.